ಸಂಜೆ ನಾಲ್ಕಕ್ಕೆ ಪೂರ್ವದಲ್ಲಿ ಹುಟ್ಟುವ ಸೂರ್ಯ

ಹನ್ನೊಂದು ವರ್ಷದ ಹಿಂದೆ ಹೈದರಾಬಾದಿನ ಗಚ್ಚಿಬೌಲಿಯಲ್ಲಿ ಈ ಫ್ಲ್ಯಾಟ್ ನೋಡಲು ಹೋದಾಗ ಅಮ್ಮನೂ ಜೊತೆಗಿದ್ದಳು. ಬಾಲ್ಕನಿ ಪೂರ್ವಕ್ಕಿತ್ತು. "ಬೆಳಗಿನ ಎಳೆಬಿಸಿಲು ಬರತ್ತೆ, ಸಂಜೆ ತಂಪಾಗಿರತ್ತೆ, ತಗೋ" ಅಂದಳು. ತಿಪಟೂರಿನಿಂದ ತಂದ ತುಳಸಿಯನ್ನು ಅಲ್ಲೇ ಇಟ್ಟಳು. ಮಧ್ಯಾಹ್ನದ ನಿದ್ದೆ ಮುಗಿಸಿ, ಅಲ್ಲಿ ಕುರ್ಚಿ ಹಾಕಿಕೊಂಡು ಸೊಪ್ಪು ಬಿಡಿಸುತ್ತ ಫೋನಿನಲ್ಲಿ ಊರಿನವರೊಡನೆ ಮಾತಾಡುವುದು ಅವಳ ದಿನಚರಿಯಾಯಿತು.

ಎರಡು ವರ್ಷದ ಹಿಂದೆ ಎದುರಿನ ಬಂಡೆಗಳನ್ನು ಸಿಡಿಸಿ ಹದಿನೆಂಟು ಅಂತಸ್ತಿನ ಗಾಜಿನ ಕಟ್ಟಡ ಎಬ್ಬಿಸಿದರು. ಮರುವರ್ಷದ ಮಾರ್ಚ್‌ನಲ್ಲಿ ಒಂದು ದಿನ ಸಂಜೆ ನಾಲ್ಕಕ್ಕೆ ಅಮ್ಮ ಕೂಗಿದಳು: "ಏನೋ ಇದು, ಮುಳುಗೋ ಹೊತ್ತಲ್ಲಿ ಸೂರ್ಯ ಈ ಕಡೆಯಿಂದ ಬಂದಿದಾನೆ!" ನಮ್ಮ ಬೆನ್ನ ಹಿಂದಿದ್ದ ಪಡುವಣ ಸೂರ್ಯ ಆ ಗಾಜಿಗೆ ಬಡಿದು ನೇರ ನಮ್ಮ ಬಾಲ್ಕನಿಗೆ ಇಳಿದಿದ್ದ. ಗೋಡೆಯ ಮೇಲೆ ಕಿಟಕಿ ಕಿಟಕಿಯಾಗಿ ಬೆಳಕಿನ ಚೌಕಗಳು. ಏಪ್ರಿಲ್ ಕೊನೆಗೆ ತುಳಸಿ ಸುಟ್ಟು ಕಡ್ಡಿಯಾಯಿತು. ಅಮ್ಮನ ಕುರ್ಚಿ ಒಳಗೆ ಬಂತು.

ನನ್ನದು ಪ್ರಾಜೆಕ್ಟ್ ಮ್ಯಾನೇಜರ್ ಕೆಲಸ. ಏನಾದರೂ ಕೆಟ್ಟರೆ ಮೂಲ ಕಾರಣ ಹುಡುಕದಿದ್ದರೆ ನಿದ್ದೆ ಬರುವುದಿಲ್ಲ. ಹಾಗೆ ಹುಡುಕುತ್ತ ಹೊರಟವನು ಲಂಡನ್ ಹಾದು ಪ್ಯಾರಿಸ್ ತಲುಪಿದೆ.

ಲಂಡನ್ನಿನ ಕಥೆ ನಿಮ್ಮಲ್ಲಿ ಹಲವರಿಗೆ ಗೊತ್ತಿರಬಹುದು. 20 ಫೆನ್‌ಚರ್ಚ್ ಸ್ಟ್ರೀಟ್, ಜನ ಪ್ರೀತಿಯಿಂದಲೋ ಕುಹಕದಿಂದಲೋ 'ವಾಕಿಟಾಕಿ' ಎಂದು ಕರೆಯುವ ಕಟ್ಟಡ. ವಾಸ್ತುಶಿಲ್ಪಿ ರಫಾಯೆಲ್ ವಿನ್ಯೋಲಿ. ಅದರ ದಕ್ಷಿಣದ ಮೈ ಒಳಗೆ ಬಾಗಿದೆ. ನಮ್ಮ ಎದುರಿನ ಕಟ್ಟಡದಂಥ ಚಪ್ಪಟೆ ಗಾಜು ಬಿಸಿಲನ್ನು ಬರೀ ಹಿಂದಕ್ಕೆ ಎಸೆಯುತ್ತದೆ. ಬಾಗಿದ ಗಾಜು ಅದನ್ನು ಒಂದೆಡೆ ಕೂಡಿಸುತ್ತದೆ. ಚಿಕ್ಕವರಿದ್ದಾಗ ಭೂತಗನ್ನಡಿಯಲ್ಲಿ ಕಾಗದ ಸುಟ್ಟದ್ದು ನೆನಪಿಸಿಕೊಳ್ಳಿ. ಅದು ಮಸೂರ, ಇದು ಕನ್ನಡಿ, ಪರಿಣಾಮ ಒಂದೇ. 2013ರ ಆಗಸ್ಟ್ ಕೊನೆಯಲ್ಲಿ ಕೆಳಗಿನ ರಸ್ತೆಯಲ್ಲಿ ನಿಲ್ಲಿಸಿದ್ದ ಒಂದು ಜಾಗ್ವಾರ್ ಕಾರಿನ ಕನ್ನಡಿ ಮತ್ತು ಹೊರಮೈಯ ಭಾಗಗಳು ಕರಗಿ ಸೊಟ್ಟಗಾದವು. ಪತ್ರಕರ್ತರೊಬ್ಬರು ಬಾಣಲೆ ಇಟ್ಟು ಮೊಟ್ಟೆ ಬೇಯಿಸಿ ತೋರಿಸಿದರು. ಕಟ್ಟಿಸಿದವರು ಕಾರಿನ ರಿಪೇರಿಗೆ 946 ಪೌಂಡ್ ಕೊಟ್ಟರು, ಪಾರ್ಕಿಂಗ್ ಜಾಗ ಮುಚ್ಚಿಸಿದರು, ತಾತ್ಕಾಲಿಕ ಪರದೆ ಕಟ್ಟಿದರು. ಮರುವರ್ಷ ಗಾಜಿನ ಮೇಲೆ ಅಡ್ಡಡ್ಡ ಪಟ್ಟಿಗಳ ಶಾಶ್ವತ ನೆರಳು ಕೂರಿಸಿದರು.

ಇದೇ ವಿನ್ಯೋಲಿ ಲಾಸ್ ವೇಗಸ್‌ನಲ್ಲಿ ಕಟ್ಟಿದ ವದಾರಾ ಹೋಟೆಲಿನ ಬಾಗಿದ ಗಾಜು 2010ರಲ್ಲಿ ಈಜುಕೊಳದ ಬಳಿ ಮಲಗಿದ್ದವರನ್ನು ಸುಟ್ಟಿತ್ತು ಎಂಬುದನ್ನು ನೆನೆದರೆ ನಗು ಬರುತ್ತದೆ. ಲಾಸ್ ಏಂಜಲಿಸ್‌ನಲ್ಲಿ ಫ್ರಾಂಕ್ ಗೆಹ್ರಿಯ ಡಿಸ್ನಿ ಸಂಗೀತ ಸಭಾಂಗಣದ್ದು ಗಾಜಲ್ಲ, ಹೊಳಪಿನ ಸ್ಟೇನ್‌ಲೆಸ್ ಸ್ಟೀಲ್. ಎದುರು ಮನೆಯವರ ಗೋಳಿನ ನಂತರ 2005ರಲ್ಲಿ ಆ ಭಾಗವನ್ನು ಉಜ್ಜಿ ಮಂಕು ಮಾಡಿದರು. ನಮ್ಮ ಅಜ್ಜಿಯಂದಿರು ಪಾತ್ರೆಯ ಹೊಳಪಿಗೆ ಉಜ್ಜುತ್ತಿದ್ದರು. ಇವರು ಹೊಳಪು ಹೋಗಲೆಂದು ಉಜ್ಜಿದರು.

ಆದರೆ ನನ್ನನ್ನು ಹಿಡಿದು ನಿಲ್ಲಿಸಿದ್ದು ಬೇರೆ ಒಂದು ವಿವರ. ಲಂಡನ್ನಿನ ಕಟ್ಟಡಕ್ಕೆ ಮೊದಲ ನಕ್ಷೆಯಲ್ಲೇ ನೆರಳಿನ ಪಟ್ಟಿಗಳಿದ್ದವು, ಖರ್ಚು ಇಳಿಸುವಾಗ ಅವು ಹೋದವು ಎಂದು ಆಗ ವರದಿಯಾಗಿತ್ತು. ಈ ಸಾಲು ಓದಿದಾಗ ನನಗೆ ಕಟ್ಟಡ ಕಾಣಿಸಲಿಲ್ಲ, ಒಂದು ಮೀಟಿಂಗ್ ರೂಮ್ ಕಾಣಿಸಿತು. ಎಕ್ಸೆಲ್ ಶೀಟು, ಅದರಲ್ಲಿ 'ಇದು ಈಗ ಅಗತ್ಯವೇ?' ಎಂಬ ಕಾಲಮ್ಮು. ಅಂಥ ಮೀಟಿಂಗುಗಳನ್ನು ನಾನೇ ಎಷ್ಟೋ ನಡೆಸಿದ್ದೇನೆ. ಮೊದಲು ಕತ್ತರಿ ಬೀಳುವುದು ಯಾವಾಗಲೂ ಆ ಕೋಣೆಯಲ್ಲಿ ಇಲ್ಲದವರಿಗೆ ಬೇಕಾದ ಅಂಶಕ್ಕೆ.

ಪ್ಯಾರಿಸ್‌ನಲ್ಲೂ ಆದದ್ದು ಅದೇ, ಎಂಬತ್ತು ವರ್ಷ ಮೊದಲು. ಲ ಕಾರ್ಬೂಸಿಯೇ ಅಲ್ಲಿ ಸಾಲ್ವೇಶನ್ ಆರ್ಮಿಗಾಗಿ ನಿರ್ಗತಿಕರ ಆಶ್ರಯಧಾಮವೊಂದನ್ನು ಕಟ್ಟಿದ. ಹೆಸರು ಸಿತೆ ದ ರಫ್ಯೂಜ್. ದಕ್ಷಿಣಕ್ಕೆ ಸುಮಾರು ಸಾವಿರ ಚದರ ಮೀಟರಿನ ಗಾಜಿನ ಗೋಡೆ, ತೆರೆಯುವ ಒಂದು ಕಿಟಕಿಯೂ ಇಲ್ಲದಂತೆ ಮುಚ್ಚಿದ್ದು. ಅವನ ಯೋಜನೆಯಲ್ಲಿ ಎರಡು ಪದರದ ಗಾಜು, ನಡುವೆ ಹದಗೊಳಿಸಿದ ಗಾಳಿ, ಒಳಗೆ ತಂಪು ಮಾಡುವ ಯಂತ್ರ ಎಲ್ಲ ಇದ್ದವು. ಹಣ ಸಾಲಲಿಲ್ಲ. ಎರಡನೇ ಪದರ ಹೋಯಿತು, ತಂಪಿನ ಯಂತ್ರ ಹೋಯಿತು, ಗಾಜು ಉಳಿಯಿತು. 1933ರ ಡಿಸೆಂಬರ್‌ನಲ್ಲಿ ಉದ್ಘಾಟನೆ. ಚಳಿಗಾಲವಾದ್ದರಿಂದ ಒಳಗೆ ಹಿತವಾಗಿತ್ತು, ಎಲ್ಲರೂ ಹೊಗಳಿದರು. ಬೇಸಿಗೆ ಬಂತು. ಒಳಗಿದ್ದವರು, ಅವರಲ್ಲಿ ತಾಯಂದಿರೂ ಮಕ್ಕಳೂ ಇದ್ದರು, ಬೆಂದುಹೋದರು. ಕಿಟಕಿ ತೆರೆಯುವಂತೆ ಮಾಡಿ ಎಂದು ಅಧಿಕಾರಿಗಳು ಹೇಳಿದರೆ ಕಾರ್ಬೂಸಿಯೇ ಒಪ್ಪದೆ ಜಗಳಕ್ಕೆ ನಿಂತ. ಕೊನೆಗೆ ಕಿಟಕಿಗಳು ಬಂದವು. ಮಹಾಯುದ್ಧದಲ್ಲಿ ಬಾಂಬಿನಿಂದ ಜಖಂಗೊಂಡ ಆ ಗೋಡೆಯನ್ನು ಆಮೇಲೆ ಸರಿಪಡಿಸುವಾಗ ಹೊರಗಡೆ ಕಾಂಕ್ರೀಟಿನ ನೆರಳು ಚೌಕಟ್ಟುಗಳನ್ನು ಸೇರಿಸಿದರು.

ಆ ಚೌಕಟ್ಟಿಗೆ ಫ್ರೆಂಚಿನಲ್ಲಿ ಬ್ರೀಸ್ ಸೊಲೇ, ಅಂದರೆ ಬಿಸಿಲು ಮುರಿಯುವುದು. ಮನುಷ್ಯ ಮೊಂಡನಾದರೂ ಪಾಠ ಕಲಿತ. 1950ರ ದಶಕದಲ್ಲಿ ನಮ್ಮ ದೇಶಕ್ಕೆ ಬಂದಾಗ ಚಂಡೀಗಢದ ಹೈಕೋರ್ಟು, ಸಚಿವಾಲಯಗಳ ಮೈಗೆಲ್ಲ ಇದನ್ನೇ ತೊಡಿಸಿದ. ಅಹಮದಾಬಾದಿನ ಗಿರಣಿ ಮಾಲೀಕರ ಸಂಘದ ಕಟ್ಟಡದಲ್ಲಿ (1954) ಪಶ್ಚಿಮದ ಹಲಗೆಗಳು ಓರೆ, ಪೂರ್ವದ ಹಲಗೆಗಳು ನೇರ. ಸಂಜೆಯ ಬಿಸಿಲಿಗೆ ತಡೆ, ನದಿಯ ಗಾಳಿಗೆ ದಾರಿ. ಬೇಲೂರಿಗೆ ಹೋದವರು ಇದಕ್ಕೆ ಬೆರಗಾಗಬೇಕಿಲ್ಲ: ವೀರಬಲ್ಲಾಳನ ಕಾಲದಲ್ಲಿ ಸೇರಿಸಿದ ಕಲ್ಲಿನ ಜಾಲಂಧ್ರಗಳು ಹೊರಗಿನ ಧಗೆಯನ್ನು ಹೊರಗೇ ನಿಲ್ಲಿಸಿ ತುಂಡು ಬೆಳಕನ್ನಷ್ಟೇ ಒಳಗೆ ಬಿಡುತ್ತವೆ. ಲಂಡನ್ 2014ರಲ್ಲಿ ಅಂಟಿಸಿಕೊಂಡದ್ದೂ ಇದರದೇ ಒಂದು ರೂಪ.

ಹಾಗಾದರೆ ಚಂಡೀಗಢ ಕಂಡ ದೇಶ ಗಾಜಿಗೆ ಯಾಕೆ ಬಿತ್ತು? ಇಂಗ್ಲೆಂಡಿನ ಪಿಲ್ಕಿಂಗ್‌ಟನ್ ಕಂಪನಿ ಕರಗಿದ ತವರದ ಮೇಲೆ ಗಾಜು ತೇಲಿಸಿ ಹಾಳೆ ಮಾಡುವ ವಿಧಾನವನ್ನು ಪ್ರಕಟಿಸಿದ್ದು 1959ರಲ್ಲಿ. ಭಾರತದಲ್ಲಿ ಅಂಥ ಕಾರ್ಖಾನೆಗಳು ಬಂದದ್ದು ಉದಾರೀಕರಣದ ಆಸುಪಾಸಿನಲ್ಲಿ. ಹೈದರಾಬಾದಿನ ಸೈಬರ್ ಟವರ್ಸ್ 1998ರಲ್ಲಿ ಉದ್ಘಾಟನೆಯಾಯಿತು, ನಮ್ಮಂಥವರು ಬೆಂಗಳೂರು, ಪುಣೆ, ಚೆನ್ನೈಗಳಿಂದ ಇಲ್ಲಿಗೆ ಬಂದು ಸೇರಿದೆವು. ಅಮೆರಿಕದ ಗ್ರಾಹಕ ಬಂದಾಗ ಆಫೀಸು ಅಮೆರಿಕದ್ದರಂತೆ ಕಾಣಬೇಕಿತ್ತು. ನಾನು ಕೂರುವ ಕಟ್ಟಡವೂ ಪೂರ್ತಿ ಗಾಜಿನದು. ಬೆಳಗ್ಗೆ ಹತ್ತಕ್ಕೆ ಬ್ಲೈಂಡ್ಸ್ ಇಳಿಸಿ, ಲೈಟು ಹಾಕಿ, ಏಸಿ ಜೋರು ಮಾಡಿ ಕೆಲಸ ಶುರು ಮಾಡುತ್ತೇವೆ. ಆ ಜಾಗ ಆರಿಸಿದ ಸಮಿತಿಯಲ್ಲಿ ನಾನೂ ಇದ್ದೆ. ಅದರ ಹಿಂದೆಯೂ ಮನೆಗಳಿವೆ. ಆ ಮನೆಗಳ ಸಂಜೆ ಹೇಗಿರುತ್ತದೆ ಎಂದು ನಾವ್ಯಾರೂ ಕೇಳಲಿಲ್ಲ.

ನಿಯಮಗಳಿಲ್ಲವೆಂದಲ್ಲ. ಇಂಧನ ಮಿತವ್ಯಯದ ಕಟ್ಟಡ ಸಂಹಿತೆ 2007ರಲ್ಲಿ ಬಂತು. 2017ರ ಆವೃತ್ತಿ ಗೋಡೆಯಲ್ಲಿ ಗಾಜಿನ ಪಾಲನ್ನು 40 ಶೇಕಡಾಕ್ಕೆ ಇಳಿಸಿತು. ಆದರೆ ಅದರ ಲೆಕ್ಕವೆಲ್ಲ ಒಳಗೆ ಬರುವ ಶಾಖದ್ದು. ಶಾಖ ಒಳಬರಬಾರದೆಂದು ಕನ್ನಡಿಯಂತೆ ಹೊಳೆಯುವ ಲೇಪನದ ಗಾಜು ಹಾಕಿದರೆ ಒಳಗಿನವರ ಕರೆಂಟು ಬಿಲ್ಲು ಇಳಿಯುತ್ತದೆ, ಶಾಖ ಎದುರು ಮನೆಗೆ ಹೋಗುತ್ತದೆ. 'ಊರಿಗೆ ಉಪಕಾರಿ, ಮನೆಗೆ ಮಾರಿ' ಎಂಬ ಗಾದೆ ಇಲ್ಲಿ ತಿರುಗುಮುರುಗು. ಸಿಂಗಪುರ, ಸಿಡ್ನಿಗಳಲ್ಲಿ ಹೊರಗಾಜು ಎಷ್ಟು ಪ್ರತಿಫಲಿಸಬಹುದೆಂಬುದಕ್ಕೇ ಮಿತಿ ಇದೆ. ಕಾನೂನಿನ ಕಥೆ ಇನ್ನೂ ತಮಾಷೆ: ನಮ್ಮ 1882ರ ಈಸ್‌ಮೆಂಟ್ಸ್ ಕಾಯ್ದೆ ಇಪ್ಪತ್ತು ವರ್ಷ ಅನುಭವಿಸಿದ ಬೆಳಕನ್ನು ನೆರೆಯವನು ತಡೆಯಬಾರದು ಎನ್ನುತ್ತದೆ. ಬೇಡದ ಬೆಳಕು ಬಂದು ಬಿದ್ದರೆ ಅದನ್ನು ಉಪದ್ರವ ಎಂದು ನಾವೇ ಸಾಬೀತು ಮಾಡಬೇಕು. ನ್ಯೂಜಿಲೆಂಡಿನಲ್ಲಿ 1984ರಲ್ಲಿ ಒಂದು ನ್ಯಾಯಾಲಯ ಗಾಜಿನ ಸೂರಿನ ಪ್ರಖರತೆಯನ್ನು ಹಾಗೆಂದು ಒಪ್ಪಿತ್ತು.

ನಾವು ಕೋರ್ಟಿಗೆ ಹೋಗಲಿಲ್ಲ. ಎದುರಿನವರಿಗೆ ಪತ್ರ ಬರೆದೆವು. ಎಲ್ಲ ಅನುಮತಿಗಳೂ ಇವೆ ಎಂದು ಎರಡು ಸಾಲಿನ ಉತ್ತರ ಬಂತು. ಮೊದಲು ಒಳಗಡೆ ದಪ್ಪ ಪರದೆ ಹಾಕಿ ನೋಡಿದೆ. ಗಾಜು ದಾಟಿದ ಶಾಖ ಪರದೆಗೆ ಬಡಿದು ಕೋಣೆಯಲ್ಲೇ ಉಳಿಯಿತು. ಹೊರಗೇ ತಡೆಯಬೇಕು ಎಂದು ಪ್ಯಾರಿಸ್ ಹೇಳಿಕೊಟ್ಟಿತ್ತಲ್ಲ. ಬಾಲ್ಕನಿಯ ಹೊರಗೆ ಬಿದಿರಿನ ತಟ್ಟಿ, ಪಕ್ಕದಲ್ಲಿ ನರ್ಸರಿಯವರು ಕಟ್ಟುವ ಹಸಿರು ಬಲೆ ಕಟ್ಟಿದೆ. ಥರ್ಮಾಮೀಟರ್ ಇಟ್ಟು ನೋಡಿದೆ, ಸಂಜೆ ಐದಕ್ಕೆ ನಾಲ್ಕು ಡಿಗ್ರಿ ಕಡಿಮೆ. ಅಮ್ಮ ಹೊಸ ತುಳಸಿ ನೆಟ್ಟಳು, ಕುರ್ಚಿ ಮತ್ತೆ ಹೊರಗೆ ಬಂತು.

ಹೋದ ವಾರ ನಮ್ಮದೇ ಅಪಾರ್ಟ್‌ಮೆಂಟ್ ಸಂಘದಿಂದ ನೋಟಿಸು ಬಂದಿದೆ. ತಟ್ಟಿಯಿಂದ ಕಟ್ಟಡದ ಅಂದ ಕೆಡುತ್ತದಂತೆ, ಹದಿನೈದು ದಿನದೊಳಗೆ ತೆಗೆಯಬೇಕಂತೆ. ಸಂಘದ ಸಭೆ ಭಾನುವಾರ ಸಂಜೆ ಇತ್ತು. ಅದನ್ನು ನಮ್ಮ ಬಾಲ್ಕನಿಯಲ್ಲೇ, ನಾಲ್ಕು ಗಂಟೆಗೆ, ತಟ್ಟಿ ಮೇಲೆತ್ತಿ ನಡೆಸೋಣ ಎಂದು ಕೇಳಿಕೊಂಡಿದ್ದೇನೆ. ಎಲ್ಲರಿಗೂ ಮಜ್ಜಿಗೆ ಮಾಡಿಡುವುದಾಗಿ ಅಮ್ಮ ಹೇಳಿದ್ದಾಳೆ.