ಕಂಠದಿಂದ ಲೇಖನಿಗೆ

ಮೇಲುಕೋಟೆಯೆಂದೊಡನೆ ಚೆಲುವನಾರಾಯಣ, ವೈರಮುಡಿ, ಕಲ್ಯಾಣಿ ಕಣ್ಣ ಮುಂದೆ ನಿಲ್ಲುತ್ತವೆ. ಆದರೆ ಈ ಬೆಟ್ಟದೂರು ಬರೆವಣಿಗೆಯ ಊರೂ ಹೌದು. ಇಲ್ಲಿಯ ಸಂಸ್ಕೃತ ಸಂಶೋಧನ ಸಂಸತ್ತು ತಾಳೆಗರಿಯ ಗ್ರಂಥಗಳನ್ನು ಕಾಪಾಡಿಕೊಂಡು ಬಂದಿದೆ. 1905ರಲ್ಲಿ ಇದೇ ಊರಿನಲ್ಲಿ ಹುಟ್ಟಿದ ಪು.ತಿ.ನ. ಅವರ ಮನೆ ಇಂದು ಸ್ಮಾರಕವಾಗಿದೆ. ಗರಿಗೂ ಕಾಗದಕ್ಕೂ ನಡುವೆ ಒಂದು ಯುಗವೇ ಸರಿದುಹೋಯಿತು. ನಾನು ಈಗ ಹೇಳಹೊರಟಿರುವುದು ಬರೆದ ಗ್ರಂಥಗಳ ಮಾತನ್ನಲ್ಲ, ಬರೆದ ಸಾಧನಗಳ ಮಾತನ್ನು.

ತಾಳೆಗರಿಯ ಮೇಲೆ ಬರೆಯುವುದೆಂದರೆ ಕೊರೆಯುವುದೇ. ಕಂಠವೆಂಬ ಕಬ್ಬಿಣದ ಮೊನೆಯಿಂದ ಅಕ್ಷರಗಳನ್ನು ಗೀರಿ, ಮೇಲೆ ಕಾಡಿಗೆ ಸವರಿ ಒರೆಸಿದರೆ ಗೀರಿನೊಳಗೆ ಮಾತ್ರ ಕಪ್ಪು ನಿಲ್ಲುತ್ತಿತ್ತು. ನಮ್ಮ ಲಿಪಿ ದುಂಡಾದುದಕ್ಕೆ ಇದೂ ಒಂದು ಕಾರಣವೆಂದು ಕೆಲವರ ಊಹೆ: ನೇರಗೆರೆ ಎಳೆದರೆ ಗರಿ ಎಳೆಯುದ್ದಕ್ಕೂ ಸೀಳುವ ಭಯ. ಲೆಕ್ಕಪತ್ರಕ್ಕೆ ಹುಣಿಸೆಬೀಜದ ಸರಿ, ಇದ್ದಿಲಪುಡಿ ಬಳಿದ ಬಟ್ಟೆಯ ಕಡತ ಇತ್ತು. ಅದಕ್ಕೆ ಬಳಪವೇ ಲೇಖನಿ. ಕಾಗದ ಬಂದ ಮೇಲೆ ಲೆಕ್ಕಣಿಕೆ, ಮಸಿಕುಡಿಕೆಗಳ ಕಾಲ. ಪ್ರತಿ ಒಂದೆರಡು ಪದಕ್ಕೂ ಮಸಿಯಲ್ಲಿ ಅದ್ದಬೇಕು.

ಈ ಅದ್ದುವ ಕಷ್ಟವನ್ನು ನೀಗಿದುದು ಫೌಂಟನ್ ಪೆನ್. 1884ರಲ್ಲಿ ನ್ಯೂಯಾರ್ಕಿನ ಲೂಯಿಸ್ ವಾಟರ್‌ಮನ್ ತನ್ನ ಲೇಖನಿಗೆ ಪೇಟೆಂಟು ಪಡೆದ. ನಿಬ್ಬಿನ ಅಡಿಯ ನಾಲಗೆಯಲ್ಲಿ ಸಣ್ಣ ಸಣ್ಣ ಕಾಲುವೆಗಳನ್ನು ಕೊರೆದು, ಶಾಯಿ ಇಳಿದಷ್ಟೇ ಗಾಳಿ ಒಳಗೇರುವಂತೆ ಮಾಡಿದುದು ಅದರ ಗುಟ್ಟು. ಪು.ತಿ.ನ. ಅವರ ತಲೆಮಾರಿಗೆ ಕಚೇರಿಯ ಕಡತಕ್ಕೂ ಕವಿತೆಗೂ ಒದಗಿದುದು ಈ ಬಗೆಯ ಲೇಖನಿ.

ಹಳೆಯ ಲೇಖನಿಯೊಂದು ಕೈಗೆ ಸಿಕ್ಕಿದರೆ ಅದರ ವಯಸ್ಸನ್ನು ಅರಿಯುವುದು ಹೇಗೆ? ಶಾಸನವನ್ನು ಓದುವವನ ತಾಳ್ಮೆ ಇಲ್ಲಿಯೂ ಬೇಕು. ಮೊದಲು ಮೈಯನ್ನು ನೋಡಬೇಕು. ರಬ್ಬರಿಗೆ ಗಂಧಕ ಬೆರೆಸಿ ಕಾಯಿಸಿದ ಎಬೊನೈಟು ಬೆಳಕಿಗೆ ಬಿದ್ದು ಬಿದ್ದು ಕಂದುಬಣ್ಣಕ್ಕೆ ತಿರುಗುತ್ತದೆ. ಹೆಬ್ಬೆರಳಿನಿಂದ ತಿಕ್ಕಿದರೆ ಗಂಧಕದ ವಾಸನೆ ಬರುತ್ತದೆ. ಸೆಲ್ಯುಲಾಯ್ಡಿಗೆ ಕರ್ಪೂರದ ವಾಸನೆ. ಅಚ್ಚಿನಲ್ಲಿ ಎರೆದ ಪ್ಲಾಸ್ಟಿಕ್ಕಿನಲ್ಲಿ ಅನೇಕ ವೇಳೆ ಸಣ್ಣ ಸೇರುಗೆರೆಯೊಂದು ಕಾಣುತ್ತದೆ.

ಎರಡನೆಯದು ಶಾಯಿ ತುಂಬುವ ರೀತಿ. ಫಿಲ್ಲರಿನಿಂದ ಹನಿಹನಿಯಾಗಿ ತುಂಬುವುದು ಹಳೆಯ ಪದ್ಧತಿ, ನಮ್ಮ ನಾಡಿನಲ್ಲಿ ಬಹುಕಾಲ ಉಳಿದುಬಂದುದು. ಪಕ್ಕದಲ್ಲಿ ಸನ್ನೆ ಇದ್ದರೆ ಅದು 1912ರ ಸುಮಾರಿಗೆ ಶೇಫರ್ ಪ್ರಚಾರಕ್ಕೆ ತಂದ ಮಾದರಿ. ಹಿಂಬದಿ ತಿರುಗಿಸಿದರೆ ಶಾಯಿ ಹೀರುವ ಕೊಂತವನ್ನು ಜರ್ಮನಿಯ ಪೆಲಿಕನ್ 1929ರಲ್ಲಿ ಹೊರತಂದಿತು. ನಿಬ್ಬನ್ನು ಬಹುಮಟ್ಟಿಗೆ ಮುಚ್ಚಿಕೊಂಡ ಪಾರ್ಕರ್ 51 ಪೇಟೆಗೆ ಬಂದದ್ದು 1941ರಲ್ಲಿ. 1930ರ ದಶಕದ ನಡುವಿನಿಂದ ಕೆಲಕಾಲ ಅಮೆರಿಕದ ಪಾರ್ಕರುಗಳ ಒಡಲ ಮೇಲೆ ವರ್ಷದ ಕೊನೆಯ ಅಂಕಿಯನ್ನೇ ಒತ್ತುತ್ತಿದ್ದರು.

ಮೂರನೆಯದು ನಿಬ್ಬು. ತಯಾರಕರ ಹೆಸರಿಲ್ಲದೆ ‘ವಾರಂಟೆಡ್’ ಎಂದಷ್ಟೇ ಇದ್ದು, ಒಡಲ ಮೇಲೆ ದೊಡ್ಡ ಹೆಸರಿದ್ದರೆ, ಮೂಲದ ನಿಬ್ಬು ಬದಲಾಗಿದೆಯೆಂದು ಶಂಕಿಸಬಹುದು. ತುದಿಯ ಗಟ್ಟಿಲೋಹ ಒಂದೇ ಮಗ್ಗುಲಿಗೆ ಸವೆದಿದ್ದರೆ, ಯಾರೋ ಒಬ್ಬರು ವರ್ಷಗಟ್ಟಲೆ ಒಂದೇ ಓರೆಯಲ್ಲಿ ಹಿಡಿದು ಬರೆದಿದ್ದಾರೆಂದು ತಿಳಿಯಬೇಕು. ನನಗೆ ಈ ಸವೆತ ಚಿನ್ನಕ್ಕಿಂತ ಬೆಲೆಯುಳ್ಳದ್ದು.

ವಿದೇಶದ ಹೆಸರುಗಳೇ ಲೇಖನಿಯ ಚರಿತ್ರೆಯಲ್ಲ. ಸ್ವದೇಶಿ ಚಳವಳಿಯ ದಿನಗಳಲ್ಲಿ ರಾಜಮಹೇಂದ್ರಿಯ ರತ್ನಂ ಅವರು ದೇಶದಲ್ಲೇ ಲೇಖನಿ ತಯಾರಿಸಿ ಗಾಂಧೀಜಿಗೆ ಕಳಿಸಿದರು. ಮಹಾತ್ಮರು 1935ರಲ್ಲಿ ಮೆಚ್ಚಿ ಉತ್ತರ ಬರೆದರು. ಚರಕದಂತೆ ಲೇಖನಿಯೂ ಸ್ವಾಭಿಮಾನದ ಗುರುತಾದ ಗಳಿಗೆ ಅದು.

ಇಷ್ಟೆಲ್ಲ ಗುರುತಿಸುವುದರಿಂದ ಪ್ರಯೋಜನವೇನು? ಇಂದು ಹಳೆಯ ಮನೆಗಳು ಬರಿದಾಗುವಾಗ ಪೆಟ್ಟಿಗೆಯೊಳಗಿನ ಲೇಖನಿ ಎರಡು ದಾರಿ ಹಿಡಿಯುತ್ತದೆ. ಒಂದು, ನಿಬ್ಬಿನ ಚಿನ್ನಕ್ಕಾಗಿ ಅಕ್ಕಸಾಲಿಯ ಮೂಸೆ. ಇನ್ನೊಂದು, ಸಂಗ್ರಾಹಕನ ಕಪಾಟು. ಎರಡನೆಯದು ಮೇಲೆಂಬುದರಲ್ಲಿ ಸಂದೇಹವಿಲ್ಲ. ಆದರೆ ಸಂಗ್ರಾಹಕನೂ ಕಂದಿದ ಎಬೊನೈಟನ್ನು ಹೊಳಪಿಗಾಗಿ ತಿಕ್ಕುತ್ತಾನೆ. ಒಡಲಿನ ಅಕ್ಷರಗಳು ಅಳಿಸುತ್ತವೆ. ನಿಬ್ಬನ್ನು ಹೊಸದಾಗಿ ಅರೆಸುತ್ತಾನೆ. ಬರೆದ ಕೈಯ ಓರೆ ಮಾಯವಾಗುತ್ತದೆ. ಯಾರದು, ಎಲ್ಲಿಂದ ಬಂತು ಎಂದು ಕೇಳುವುದನ್ನೇ ಮರೆಯುತ್ತಾನೆ. ಆಗ ಉಳಿಯುವುದು ವಸ್ತು ಮತ್ತು ಅದರ ಕ್ರಯ.

ಮೈಸೂರಿನ ಓರಿಯಂಟಲ್ ಲೈಬ್ರರಿಗೆ ಕೌಟಿಲ್ಯನ ಅರ್ಥಶಾಸ್ತ್ರದ ಓಲೆ ಬಂದುದನ್ನು ನೆನೆಯಿರಿ. ಶಾಮಶಾಸ್ತ್ರಿಗಳು ಅದನ್ನು 1909ರಲ್ಲಿ ಅಚ್ಚು ಹಾಕಿಸಿದರು, ಲೋಕವೇ ಬೆರಗಾಯಿತು. ಆದರೆ ಅದನ್ನು ತಂದುಕೊಟ್ಟವರು ತಂಜಾವೂರು ಸೀಮೆಯ ಪಂಡಿತರೆಂದಷ್ಟೇ ನಮಗೆ ಉಳಿದಿದೆ, ಹೆಸರಿಲ್ಲ. ಅಷ್ಟು ದೊಡ್ಡ ಗ್ರಂಥದ ವಿಷಯದಲ್ಲೇ ಹೀಗಾದರೆ, ಶಾನುಭೋಗರೊಬ್ಬರ ಲೇಖನಿಯ ಗತಿಯೇನು?

ಆದ್ದರಿಂದ ನನ್ನ ಕೋರಿಕೆ ಸಣ್ಣದು. ಅಜ್ಜನ ಲೇಖನಿ ಮನೆಯಲ್ಲಿದ್ದರೆ ತಣ್ಣೀರಿನಲ್ಲಿ ತೊಳೆದು ಒಣಗಿಸಿ. ಬಿಸಿನೀರು ಎಬೊನೈಟಿನ ಬಣ್ಣ ಕೆಡಿಸುತ್ತದೆ. ಬಿಗಿದ ಸನ್ನೆಯನ್ನು ಬಲವಂತದಿಂದ ಎತ್ತಬೇಡಿ. ಒಂದು ಚೀಟಿಯಲ್ಲಿ ಬಳಸಿದವರ ಹೆಸರು, ಊರು, ಉದ್ಯೋಗ, ತಿಳಿದಷ್ಟು ಕಾಲ ಬರೆದು, ಅವರದೇ ಕೈಬರಹದ ಒಂದು ಕಾಗದವನ್ನೂ ಜೊತೆಗಿಡಿ. ಓಲೆಯ ಪ್ರತಿಕಾರರು ಗ್ರಂಥದ ಕೊನೆಯಲ್ಲಿ ತಮ್ಮ ಹೆಸರನ್ನೂ ಕಾಲವನ್ನೂ ಬರೆಯುವ ವಾಡಿಕೆಯಿತ್ತು. ಲೇಖನಿ ತಾನಾಗಿ ತನ್ನ ಹೆಸರು ಬರೆದುಕೊಳ್ಳಲಾರದು. ಆ ಒಂದು ಸಾಲನ್ನು ನಾವೇ ಬರೆಯಬೇಕು.