ಹುಲ್ಲಿಗೆ ಹೊರಟವರು

ಕಳೆದ ತಿಂಗಳು ಆಫೀಸಿನ ಟೌನ್‌ಹಾಲ್ ಮೀಟಿಂಗಿನಲ್ಲಿ ಒಂದು ಸ್ಲೈಡ್ ಬಂತು. ನಮ್ಮ ಕಂಪನಿ ಹೆಲ್ತ್‌ಕೇರ್ ಕ್ಷೇತ್ರಕ್ಕೆ ಕಾಲಿಡುತ್ತಿದೆಯಂತೆ. ಅದಕ್ಕೆ ದಪ್ಪ ಅಕ್ಷರದಲ್ಲಿ ಹಾಕಿದ್ದ ಪದ ‘ಫೋರೇ’. ನಮ್ಮ ಪೇಪರಿನವರಾಗಿದ್ದರೆ ‘ಲಗ್ಗೆ’ ಅಂತ ಬರೀತಿದ್ರು. ಮೀಟಿಂಗ್ ಉದ್ದ ಆಗ್ತಾ ಇತ್ತು, ನಾನು ಮೊಬೈಲಿನಲ್ಲಿ ಆ ಪದದ ಮೂಲ ಹುಡುಕಿದೆ. ಸಿಕ್ಕಿದ್ದು ಏನು ಗೊತ್ತಾ? ಹುಲ್ಲು!

ತಮಾಷೆ ಅಲ್ಲ. ಹಳೆಯ ಫ್ರೆಂಚಿನಲ್ಲಿ ‘ಫ್ಯುಯರ್’ ಅಂದರೆ ಒಣಹುಲ್ಲು, ಮೇವು. ಮೇವು ತರಲು ಹೋಗುವವನು ‘ಫೊರಿಯೇ’. ಸೈನ್ಯದ ಜೊತೆ ಸಾವಿರಾರು ಕುದುರೆ, ಎತ್ತು ಇರ್ತಿದ್ವಲ್ಲ, ಅವುಗಳ ಹೊಟ್ಟೆಗೆ ಹಾಕೋಕೆ ಇವರು ಪಕ್ಕದ ಹಳ್ಳಿಗಳಿಗೆ ನುಗ್ಗುತ್ತಿದ್ದರು. ಕೇಳಿ ತರೋದಲ್ಲ, ಕಿತ್ತು ತರೋದು. ಹೀಗೆ ಮೇವಿಗೆ ಹೋಗೋದು ಅನ್ನೋ ಅರ್ಥವೇ 14ನೇ ಶತಮಾನದ ಇಂಗ್ಲಿಷಿನಲ್ಲಿ ಕೊಳ್ಳೆ ಹೊಡೆಯೋದು ಅಂತಾಯ್ತು. ಮುಂದೆ ಬಳಕೆ ತಪ್ಪಿಹೋಗಿದ್ದ ಪದಕ್ಕೆ 19ನೇ ಶತಮಾನದಲ್ಲಿ ಮತ್ತೆ ಜೀವ ಕೊಟ್ಟವನು ಸ್ಕಾಟ್ಲೆಂಡಿನ ಲೇಖಕ ವಾಲ್ಟರ್ ಸ್ಕಾಟ್. ಫಾಡರ್, ಫೋರೇಜ್, ಅಷ್ಟೇ ಯಾಕೆ, ನಾವು ದಿನಾ ಹೇಳೋ ಫುಡ್ ಕೂಡ ಇದೇ ಬಳಗದ್ದು.

ದನ, ಹುಲ್ಲು, ದಾಳಿ ಈ ಮೂರೂ ಒಂದೇ ಹಗ್ಗಕ್ಕೆ ಕಟ್ಟಿದ್ದು ಅಲ್ಲಿ ಮಾತ್ರ ಅಲ್ಲ. ಹಳಗನ್ನಡದಲ್ಲಿ ‘ತುರು’ ಅಂದರೆ ಹಸು, ‘ತುರುಗೋಳ್’ ಅಂದರೆ ದನ ಹೊಡೆದುಕೊಂಡು ಹೋಗೋದು. ಕರ್ನಾಟಕದ ಊರೂರಲ್ಲಿ ಇರುವ ವೀರಗಲ್ಲುಗಳಲ್ಲಿ ಎಷ್ಟೋ ಕಲ್ಲುಗಳು ಹೀಗೆ ಹೋದ ದನಗಳನ್ನ ಬಿಡಿಸಿಕೊಳ್ಳೋಕೆ ಹೋಗಿ ಸತ್ತವರವು. ಮಹಾಭಾರತದ ವಿರಾಟಪರ್ವದಲ್ಲಿ ಕೌರವರು ಮಾಡಿದ ಗೋಗ್ರಹಣವೂ ಇದೇ. ಆ ಕಥೆಯಿಂದ ನಮಗೆ ಉಳಿದದ್ದು ಒಲೆ ಮುಂದಿನ ಉತ್ತರನ ಪೌರುಷ!

ಈಗ ನಮ್ಮೂರಿಗೆ ಬರ್ತೀನಿ. ಚಳ್ಳಕೆರೆ ತಾಲ್ಲೂಕಿನ ದೊಡ್ಡಉಳ್ಳಾರ್ತಿ. ನಮ್ಮೂರ ಹೆಸರಿನ ಜೊತೆ ಇನ್ನೊಂದು ಪದ ಅಂಟಿಕೊಂಡಿದೆ: ಕಾವಲು. ಅಮೃತಮಹಲ್ ಕಾವಲು. ಮೈಸೂರಿನ ಚಿಕ್ಕದೇವರಾಜ ಒಡೆಯರ ಕಾಲದಲ್ಲಿ ಅರಮನೆಯ ದನಗಳನ್ನ ನೋಡಿಕೊಳ್ಳೋಕೆ ‘ಬೆಣ್ಣೆ ಚಾವಡಿ’ ಅಂತ ಇಲಾಖೆ ಇತ್ತು. ಟಿಪ್ಪು ಅದಕ್ಕೆ ‘ಅಮೃತಮಹಲ್’ ಅಂತ ಹೆಸರಿಟ್ಟ. ಹೈದರಾಲಿಯ ತೋಪು ಎಳೆದದ್ದು ಇದೇ ಎತ್ತುಗಳು. ಇವು ಮೇಯೋಕೆ ಅಂತ ಬಿಟ್ಟ ಹುಲ್ಲುಗಾವಲುಗಳೇ ಕಾವಲುಗಳು.

ಹುಲ್ಲು ಇಲ್ಲದಿದ್ದರೆ ಏನಾಗುತ್ತೆ ಅಂತ ಕಾರ್ನ್‌ವಾಲಿಸ್‌ನನ್ನ ಕೇಳಬೇಕು. 1791ರ ಮೇ ತಿಂಗಳಲ್ಲಿ ಅವನ ಸೈನ್ಯ ಶ್ರೀರಂಗಪಟ್ಟಣದ ಹತ್ತಿರದ ಅರಕೆರೆವರೆಗೂ ಬಂದು, ಯುದ್ಧವನ್ನೂ ಗೆದ್ದಿತ್ತು. ಆದರೆ ಟಿಪ್ಪುವಿನ ಕಡೆಯವರು ದಾರಿಯುದ್ದಕ್ಕೂ ಮೇವು ಸಿಗದ ಹಾಗೆ ಮಾಡಿದ್ದರು. ಎತ್ತುಗಳು ಸಾಲುಸಾಲಾಗಿ ಸತ್ತವು. ಎಳೆಯೋರಿಲ್ಲದ ದೊಡ್ಡ ತೋಪುಗಳನ್ನ ತಾನೇ ಹಾಳುಮಾಡಿ ಬೆಂಗಳೂರಿಗೆ ವಾಪಸ್ ಹೋದ.

ಎರಡೂ ಪದಗಳನ್ನ ಪಕ್ಕಪಕ್ಕ ಇಟ್ಟು ನೋಡಿ. ಫೋರೇ ಅಂದರೆ ಬೇರೆಯವರ ಹುಲ್ಲಿಗೆ ನುಗ್ಗೋದು. ಕಾವಲು ಅಂದರೆ ನಮ್ಮ ಹುಲ್ಲನ್ನ ಕಾಯೋದು. ಒಂದೇ ಹುಲ್ಲಿನ ಎರಡು ಕಡೆ. ಈಗ ಎರಡು ಪದದಲ್ಲೂ ಹುಲ್ಲು ಕಾಣೋದಿಲ್ಲ. ಕಾವಲು ಅಂದರೆ ಬೆಂಗಳೂರಿನ ಹುಡುಗರಿಗೆ ಸೆಕ್ಯುರಿಟಿ ಗಾರ್ಡ್ ನೆನಪಾಗ್ತಾನೆ.

ನೆಲದಲ್ಲೂ ಹಾಗೇ ಆಯ್ತು. 2008ರ ನಂತರದ ಕೆಲವೇ ವರ್ಷಗಳಲ್ಲಿ ನಮ್ಮ ತಾಲ್ಲೂಕಿನ ಸುಮಾರು 10 ಸಾವಿರ ಎಕರೆ ಕಾವಲು ಐಐಎಸ್‌ಸಿ, ಡಿಆರ್‌ಡಿಒ, ಇಸ್ರೋ, ಬಾರ್ಕ್ ಮುಂತಾದ ಸಂಸ್ಥೆಗಳಿಗೆ ಹಂಚಿಕೆಯಾಯ್ತು. ಜಗಳ ಹಸಿರು ನ್ಯಾಯಮಂಡಳಿವರೆಗೂ ಹೋಯ್ತು. ಚಂದ್ರಯಾನ-2ರ ಲ್ಯಾಂಡರ್ ಪರೀಕ್ಷೆಗೆ ಚಂದ್ರನ ಮೇಲಿನಂಥ ಗುಂಡಿ ತೋಡಿದ್ದು ಉಳ್ಳಾರ್ತಿ ಕಾವಲಿನಲ್ಲೇ. ಚಂದ್ರನಿಗೆ ಹೊರಟ ಲಗ್ಗೆಯ ತಾಲೀಮು ದನ ಮೇಯೋ ನೆಲದಲ್ಲಿ! ಟೀವಿಯಲ್ಲಿ ನೋಡಿದಾಗ ನನಗೆ ಹೆಮ್ಮೆಯೂ ಆಯ್ತು, ಹೊಟ್ಟೆಯೊಳಗೆ ಒಂಥರಾ ಸಂಕಟವೂ ಆಯ್ತು. ಎರಡೂ ಸುಳ್ಳಲ್ಲ.

ಬೇರೆಯವರ ಮೇಲೆ ಬೆರಳು ತೋರಿಸೋಕೆ ನನಗೆ ಬಾಯಿಲ್ಲ. ಹುಲ್ಲು ಬಿಟ್ಟು ಹೋದವರಲ್ಲಿ ನಾನೂ ಒಬ್ಬ. ಬಿಇ ಮುಗಿಸಿ ಬೆಂಗಳೂರಿಗೆ ಬಂದು ಸೇರಿದ ವರ್ಷ, 2012, ನಮ್ಮ ಕಡೆ ಮಳೆ ಕೈಕೊಟ್ಟಿತ್ತು. ಶೇಂಗಾ ಬಳ್ಳಿಯೂ ಸರಿಯಾಗಿ ಬರಲಿಲ್ಲ. ಮೊದಲ ಸಂಬಳ ಬಂದ ದಿನ ಅಪ್ಪನಿಗೆ ಫೋನ್ ಮಾಡಿದೆ.

“ಅಪ್ಪಾ, ನಿನಗೆ ಏನು ತರಲಿ?”

“ನನಗೇನೂ ಬ್ಯಾಡ ಕಣಪ್ಪಾ. ದನಕ್ಕೆ ಮೇವಿಲ್ಲ. ದುಡ್ಡಿದ್ರೆ ಕಳಿಸು, ದಾವಣಗೆರೆ ಕಡೆಯಿಂದ ಒಂದು ಲೋಡು ಭತ್ತದ ಹುಲ್ಲು ತರಿಸ್ತೀನಿ.”

ಆಗ ಸ್ವಲ್ಪ ಬೇಜಾರಾಗಿತ್ತು. ಅಪ್ಪನಿಗೆ ಒಂದು ವಾಚು, ಅವ್ವನಿಗೆ ಸೀರೆ ಅಂತೆಲ್ಲ ಲೆಕ್ಕ ಹಾಕಿದ್ದೆ. ಪೂರ್ತಿ ದುಡ್ಡು ಹುಲ್ಲಿಗೆ ಹೋಯ್ತು. ಆ ಲೋಡು ಬಂದಿದ್ದಕ್ಕೆ ನಾಲ್ಕು ದನ ಉಳಿದವು ಅಂತ ಅವ್ವ ಇವತ್ತಿಗೂ ಹೇಳ್ತಾಳೆ.

ಮೀಟಿಂಗ್ ಮುಗಿದ ಮೇಲೆ ಮ್ಯಾನೇಜರ್ ಕೇಳಿದರು, “ಈ ಫೋರೇ ಬಗ್ಗೆ ಏನನ್ಸುತ್ತೆ?” ಒಳ್ಳೆ ಪ್ಲ್ಯಾನ್ ಸಾರ್ ಅಂದೆ. ನನ್ನ ಫೋರೇ ಯಾವಾಗಲೋ ಶುರುವಾಗಿತ್ತು, ಅದೂ ಸರಿಯಾದ ಅರ್ಥದಲ್ಲಿ ಅಂತ ಅವರಿಗೆ ಹೇಳಲಿಲ್ಲ.