ಸೆರೆ ಮತ್ತು ಒತ್ತೆ

ಮನುಷ್ಯನ ಸ್ವಾತಂತ್ರ್ಯವನ್ನು ಕಸಿದು ಅವನನ್ನು ಒಂದೆಡೆ ಕೂಡಿಹಾಕುವುದಕ್ಕೆ ಆಂಗ್ಲಭಾಷೆಯಲ್ಲಿ ಹಲವು ಹೆಸರುಗಳುಂಟು. ‘ಕ್ಯಾಪ್ಟಿವ್’, ‘ಪ್ರಿಸನ್’ ಎಂಬೆರಡೂ ಹಿಡಿಯುವುದೆಂಬ ಅರ್ಥದ ಲ್ಯಾಟಿನ್ ಧಾತುಗಳಿಂದ ಬಂದವು. ‘ಜೈಲ್’ ಎಂಬುದರ ಮೂಲದಲ್ಲಿರುವುದು ಪಂಜರ. ‘ಹಾಸ್ಟೇಜ್’ ಎಂಬುದೊಂದು ಮಾತ್ರ ಈ ಗುಂಪಿಗೆ ಸೇರಿಯೂ ಸೇರದಂತಿರುವುದು. ಹಾಸ್ಟೇಜ್ ಆದವನು ತಪ್ಪುಮಾಡಿ ಸಿಕ್ಕಿಬಿದ್ದವನಲ್ಲ. ಮತ್ತೊಬ್ಬನ ಮಾತಿಗೆ ಆಧಾರವಾಗಿ ಕೊಡಲ್ಪಟ್ಟವನು. ಈ ಭೇದವು ಕೇವಲ ನಿಘಂಟುಕಾರರ ವಿಚಾರವಲ್ಲ. ಬಾಗಿಲು ಎಂದು ತೆರೆಯಬೇಕೆಂಬುದು ಅನೇಕ ವೇಳೆ ಈ ಹೆಸರನ್ನೇ ಅವಲಂಬಿಸಿರುತ್ತದೆ. ದೇವನಹಳ್ಳಿಯು ಇದಕ್ಕೆ ಒಮ್ಮೆ ಸಾಕ್ಷಿಯಾಯಿತು.

ಕನ್ನಡಿಗರೂ ಈ ವಿಷಯದಲ್ಲಿ ಬಡವರಲ್ಲ. ‘ಸೆರೆ’ ಎಂಬುದು ತಮಿಳಿನ ‘ಸಿರೈ’ಗೆ ಒಡಹುಟ್ಟಿದ ಅಚ್ಚ ದ್ರಾವಿಡ ಶಬ್ದ. ‘ಕೈದಿ’ ಎಂಬುದು ಅರಬ್ಬಿಯಿಂದ ಬಂದುದು. ಹಳಗನ್ನಡದಲ್ಲಿ ಆಯುಧವೆಂಬ ಅರ್ಥವುಳ್ಳ ‘ಕಯ್ದು’ವಿಗೂ ಇದಕ್ಕೂ ಸಂಬಂಧವಿಲ್ಲ. ‘ದಸ್ತಗಿರಿ’ಯು ಕೈಹಿಡಿಯುವುದೆಂಬ ಅರ್ಥದ ಪಾರಸೀ ಶಬ್ದ. ಕೈಹಿಡಿದು ಕಾಪಾಡುವ ಸಂತನಿಗೆ ದಸ್ತಗೀರನೆಂಬ ಹೆಸರು ಬಂದುದೂ ಅದರಿಂದಲೇ. ಪರಭಾಷೆಯ ಈ ಮಾತುಗಳು ಕಚೇರಿಯ ದಾರಿಯಿಂದ ಬಂದವು. ‘ಒತ್ತೆ’ ಎಂಬುದಾದರೋ ಮನೆಯ ಮಾತು. ಸಾಲಕ್ಕೆ ಆಧಾರವಾಗಿ ಒಡವೆಯನ್ನಿಟ್ಟರೆ ಅದು ಒತ್ತೆ. ಒಡವೆಯದೇನೂ ತಪ್ಪಿಲ್ಲ, ಸಾಲ ತೀರಿದೊಡನೆ ಅದು ಒಡೆಯನ ಮನೆಗೆ ಮರಳತಕ್ಕದ್ದು. ಒಡವೆಯ ಸ್ಥಾನದಲ್ಲಿ ಮನುಷ್ಯನನ್ನಿಟ್ಟರೆ ಅವನು ಒತ್ತೆಯಾಳು.

1792ರಲ್ಲಿ ಇಂಥದೊಂದು ಒತ್ತೆಯು ಶ್ರೀರಂಗಪಟ್ಟಣದ ಮುಂದೆ ಕೈಬದಲಾಯಿತು. ಅದಕ್ಕೆ ಹಿಂದಿನ ವರ್ಷವೇ ಲಾರ್ಡ್ ಕಾರ್ನ್‌ವಾಲಿಸನ ಸೈನ್ಯವು ಬೆಂಗಳೂರನ್ನೂ ದೇವನಹಳ್ಳಿಯ ಕೋಟೆಯನ್ನೂ ವಶಪಡಿಸಿಕೊಂಡಿತ್ತು. ಸೋತ ಟಿಪ್ಪೂ ಸುಲ್ತಾನನು ತನ್ನ ರಾಜ್ಯದ ಅರ್ಧಭಾಗವನ್ನು ಬಿಟ್ಟುಕೊಡಲೂ ಮೂರು ಕೋಟಿ ಮೂವತ್ತು ಲಕ್ಷ ರೂಪಾಯಿಗಳನ್ನು ತೆರಲೂ ಒಪ್ಪಬೇಕಾಯಿತು. ಹಣವೆಲ್ಲವೂ ಒಂದೇ ಸಲಕ್ಕೆ ಸಲ್ಲುವಂತಿರಲಿಲ್ಲ. ಆದಕಾರಣ ಷರತ್ತುಗಳು ನೆರವೇರುವವರೆಗೆ ಅವನ ಇಬ್ಬರು ಮಕ್ಕಳು ಇಂಗ್ಲಿಷರ ವಶದಲ್ಲಿರತಕ್ಕದ್ದೆಂದು ಗೊತ್ತಾಯಿತು. ಫೆಬ್ರವರಿ 26ರಂದು ಅಬ್ದುಲ್ ಖಾಲಿಕ್ ಮತ್ತು ಮುಯಿಜುದ್ದೀನ್ ಎಂಬ ರಾಜಕುಮಾರರನ್ನು ಕಾರ್ನ್‌ವಾಲಿಸನಿಗೆ ಒಪ್ಪಿಸಿದರು. ಹಿರಿಯವನಿಗೆ ಸುಮಾರು ಹತ್ತು ವರ್ಷ, ಕಿರಿಯವನಿಗೆ ಎಂಟು ವರ್ಷ ಎಂದು ಆ ಯುದ್ಧದಲ್ಲಿದ್ದ ಆಂಗ್ಲ ಅಧಿಕಾರಿಯೊಬ್ಬನು ಬರೆದಿಟ್ಟಿದ್ದಾನೆ. ಆಂಗ್ಲ ಚಿತ್ರಕಾರರು ಈ ಪ್ರಸಂಗವನ್ನು ಪುನಃಪುನಃ ಚಿತ್ರಿಸಿ, ಕಾರ್ನ್‌ವಾಲಿಸನನ್ನು ಮಕ್ಕಳ ತಂದೆಯೋ ಎಂಬಂತೆ ತೋರಿಸಿದರು. ಮಕ್ಕಳು ಮದರಾಸಿಗೆ ಹೋದರು. ಅಲ್ಲಿ ಅವರಿಗೆ ಮರ್ಯಾದೆಗೇನೂ ಕೊರತೆಯಾಗಲಿಲ್ಲ. ಆದರೆ ಮನೆಗೆ ಮರಳುವ ಸ್ವಾತಂತ್ರ್ಯವಿರಲಿಲ್ಲ.

ಎರಡು ವರ್ಷಗಳ ತರುವಾಯ, 1794ರ ಮಾರ್ಚ್ ತಿಂಗಳಲ್ಲಿ, ಕ್ಯಾಪ್ಟನ್ ಡವ್ಟನ್ ಎಂಬವನು ಅವರನ್ನು ದೇವನಹಳ್ಳಿಗೆ ಕರೆತಂದು ತಂದೆಗೆ ಒಪ್ಪಿಸಿದನು. ಟಿಪ್ಪೂ ಹುಟ್ಟಿದ ಊರೇ ಅದು. ಅವನ ತಂದೆ ಹೈದರನ ಶೌರ್ಯವು ಮೊದಲು ಬೆಳಕಿಗೆ ಬಂದುದೂ 1749ರಲ್ಲಿ ಅದೇ ಕೋಟೆಯ ಮುತ್ತಿಗೆಯಲ್ಲಿ. ಋಣ ತೀರಿತು, ಒತ್ತೆ ಹಿಂದಿರುಗಿತು. ಕೊಟ್ಟವನೂ ಪಡೆದವನೂ ಪರಮಶತ್ರುಗಳಾಗಿದ್ದರೂ ‘ಒತ್ತೆ’ ಎಂಬ ಮಾತಿನಲ್ಲಿ ಅಡಗಿದ್ದ ಕರಾರು ಅಂದು ಉಳಿಯಿತು.

ಸೆರೆಯ ಕಥೆಯು ಬೇರೆ. 1780ರಲ್ಲಿ ಪೊಳ್ಳಿಲೂರಿನ ಯುದ್ಧದಲ್ಲಿ ಸಿಕ್ಕಿಬಿದ್ದ ಡೇವಿಡ್ ಬೇರ್ಡನು ಶ್ರೀರಂಗಪಟ್ಟಣದಲ್ಲಿ ಮೂರು ವರ್ಷಕ್ಕೂ ಮಿಗಿಲಾಗಿ ಸೆರೆಯಲ್ಲಿದ್ದನು. 1784ರ ಕೌಲಿನವರೆಗೂ ಅವನಿಗೆ ಬಿಡುಗಡೆಯ ದಿನವೆಂಬುದು ಗೊತ್ತಿರಲಿಲ್ಲ. 1799ರ ಮೇ 4ರಂದು ಅದೇ ಕೋಟೆಗೆ ಲಗ್ಗೆಯಿಟ್ಟ ದಂಡಿನ ನಾಯಕನು ಅವನೇ. ಅಂದು ಟಿಪ್ಪೂ ಮಡಿದನು. ಒಮ್ಮೆ ಒತ್ತೆಯಾಗಿ ಹೋಗಿಬಂದಿದ್ದ ಇಬ್ಬರು ಮಕ್ಕಳೂ ಪುನಃ ಇಂಗ್ಲಿಷರ ವಶವಾದರು. ಈ ಸಲ ಅವರನ್ನು ಹಿಡಿದಿಟ್ಟುದು ಯಾವ ಸಾಲಕ್ಕೂ ಅಲ್ಲ. ಸುಲ್ತಾನನ ಮಕ್ಕಳೆಂಬ ಕಾರಣಕ್ಕಾಗಿ. ಸೋದರರೊಡನೆ ಅವರನ್ನು ವೆಲ್ಲೂರಿನ ಕೋಟೆಯಲ್ಲಿರಿಸಿದರು. 1806ರ ವೆಲ್ಲೂರಿನ ದಂಗೆಯ ಬಳಿಕ ಆ ಮನೆತನವನ್ನು ದೂರದ ಕಲ್ಕತ್ತೆಗೆ ಸಾಗಿಸಿದರು. ವರ್ಷಾಶನ ದೊರೆಯುತ್ತಿದ್ದುದು ನಿಜ. ಆದರೆ ತೀರಿಸಬೇಕಾದ ಋಣವೇ ಇಲ್ಲದಿರುವಾಗ ಬಿಡುಗಡೆಗೆ ಅವಧಿಯೆಲ್ಲಿಯದು? ಹುಟ್ಟನ್ನು ತೀರಿಸಿ ಯಾರೂ ಹೊರಬರಲಾರರು.

ಇಂಥ ಹೆಸರುಗಳು ದೊರೆಗಳ ಕಾಲಕ್ಕೇ ಮುಗಿಯಲಿಲ್ಲ. 1975ರ ತುರ್ತುಪರಿಸ್ಥಿತಿಯಲ್ಲಿ ‘ಡೆಟಿನ್ಯೂ’ ಎಂಬ ಫ್ರೆಂಚ್ ಮೂಲದ ಮಾತು ವೃತ್ತಪತ್ರಿಕೆಗಳ ಮೂಲಕ ಮನೆಮನೆಗೂ ಬಂದಿತು. ಆ ವರ್ಷದ ಜೂನ್ 26ರಂದು ಬೆಂಗಳೂರಿನಲ್ಲಿ ದಸ್ತಗಿರಿಯಾದ ಅಟಲ ಬಿಹಾರಿ ವಾಜಪೇಯಿ, ಲಾಲಕೃಷ್ಣ ಆಡ್ವಾಣಿ, ಮಧು ದಂಡವತೆ ಮೊದಲಾದವರು ನಗರದ ಸೆಂಟ್ರಲ್ ಜೈಲಿನಲ್ಲಿದ್ದರು. ಆ ಸ್ಥಳವು ಅನಂತರ ಫ್ರೀಡಂ ಪಾರ್ಕ್ ಎಂಬ ಉದ್ಯಾನವಾಯಿತು. ಡೆಟಿನ್ಯೂ ಎಂದರೆ ಹಿಡಿದಿಡಲ್ಪಟ್ಟವನು, ಅಷ್ಟೇ. ಅವನ ಮೇಲೆ ವಿಚಾರಣೆಯಿಲ್ಲ. ಅಂದಿನ ಕಾಯಿದೆಯ ತಿದ್ದುಪಡಿಯಂತೆ, ಹಿಡಿದುದಕ್ಕೆ ಕಾರಣವನ್ನು ಅವನಿಗೆ ತಿಳಿಸಬೇಕೆಂಬ ನಿಯಮವೂ ಇಲ್ಲವಾಗಿತ್ತು.

ಆದುದರಿಂದ ಇಂಥ ಶಬ್ದವೊಂದು ಹೊಸದಾಗಿ ಎದುರಾದಾಗ ಅದರ ಧಾತುವನ್ನು ವಿಚಾರಿಸಿದರೆ ಸಾಲದು. ಬಿಡುಗಡೆಯ ಕರಾರು ಅದರೊಳಗೆ ಇದೆಯೇ ಎಂಬುದನ್ನೂ ವಿಚಾರಿಸಬೇಕು. ಒತ್ತೆಯು ಮನುಷ್ಯನನ್ನು ಒಡವೆಯಂತೆ ಕಾಣುವ ಕ್ರೂರಪದ್ಧತಿಯೇ ಸರಿ. ಆದರೂ ಅದಕ್ಕೊಂದು ಕೊನೆಯಿತ್ತು. ಮಲ್ಲಬೈರೇಗೌಡನು 1501ರಲ್ಲಿ ಕಟ್ಟಿಸಿದ ಮಣ್ಣಿನ ಕೋಟೆಯ ಊರಿನಲ್ಲಿ ಆ ಕೊನೆಯನ್ನು ಇಬ್ಬರು ಹುಡುಗರು ಕಂಡರು. ಐದು ವರ್ಷಗಳ ಬಳಿಕ ಬಂದ ಸೆರೆಗೆ ಅಂಥ ಕೊನೆಯನ್ನು ಯಾರೂ ಬರೆದಿರಲಿಲ್ಲ.